ಕ್ಯಾಲಿಫೋರ್ನಿಯಾದಲ್ಲಿ ಸೆಮಿ-ಆಟೋ ರೈಫಲ್: ನಿಮಗೆ ಯಾವುದು ಸರಿ?

ಎರಡು ವರ್ಷದಿಂದ ಬೇ ಏರಿಯಾದ ನಮ್ಮ ಕನ್ನಡದವರೇ ಐದಾರು ಜನ ನನ್ನನ್ನು ಇದೇ ಪ್ರಶ್ನೆ ಕೇಳಿದ್ದಾರೆ. "ರೈಫಲ್ ಒಂದು ತಗೋಬೇಕು ಅಂತಿದೀನಿ, ಇಲ್ಲಿನ ಕಾನೂನು ತಲೆಗೇ ಹತ್ತುತ್ತಿಲ್ಲ, ಯಾವುದು ತಗೊಳ್ಳಲಿ?" ನನ್ನನ್ನೇ ಕೇಳಲು ಕಾರಣ ಇದೆ. ನಮ್ಮದು ಸೋಮವಾರಪೇಟೆ ಕಡೆ. ಅಜ್ಜನ ಜೋಡಿ ನಳಿಗೆ ಕೋವಿ ನೋಡಿಕೊಂಡೇ ಬೆಳೆದವನು ನಾನು. ಕೈಲ್ ಮುಹೂರ್ತದ ದಿನ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು ಪೂಜೆ ಮಾಡುತ್ತಿದ್ದರು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಅಲ್ಲಿಂದ ಬಂದವನಿಗೆ ಕ್ಯಾಲಿಫೋರ್ನಿಯಾದ ಕಾನೂನು ಓದಿದಾಗ ತಲೆ ಸುತ್ತಿತು. ಇಲ್ಲಿ ಹಿಡಿಯ ಆಕಾರಕ್ಕೂ ನಿಯಮ ಇದೆ.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ನಮ್ಮಂಥವರು, ಅಂದರೆ ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರು, ಯಾವುದರಲ್ಲಿ ತಪ್ಪು ಮಾಡಲು ಜಾಗವೇ ಕಡಿಮೆಯೋ ಆ ಕೋವಿಯನ್ನು ಮೊದಲು ಕೊಳ್ಳಬೇಕು. ನೋಟ, ವೇಗ, ಬಿಡಿಭಾಗ ಎಲ್ಲ ಆಮೇಲೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ನೀವು ಕೊಳ್ಳಬಹುದಾ?

ಎಚ್-1ಬಿ, ಎಚ್-4, ಎಲ್-1, ಎಫ್-1 ಮೇಲೆ ಇದ್ದೀರಾ? ಹಾಗಾದರೆ ಇಲ್ಲೇ ನಿಲ್ಲಿ. ನಾನ್-ಇಮಿಗ್ರೆಂಟ್ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರು ಅದರಲ್ಲಿ ಬರುತ್ತಾರೆ. ಆದರೆ ಆ ದಾರಿ ಹಿಡಿಯುವ ಮುಂಚೆ ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಮಾತಾಡಿ. ಅಂಗಡಿಯವರ ಮಾತು, ಸ್ನೇಹಿತರ ಮಾತು ಇದಕ್ಕೆ ಸಾಲದು.

ಗ್ರೀನ್ ಕಾರ್ಡ್ ಬಂದಿದ್ದರೆ ಕೊಳ್ಳಬಹುದು, ಕಾರ್ಡ್ ಜೊತೆಗೆ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ 4473 ನಂಬರಿನ ಫಾರಂ ತುಂಬಿಸುತ್ತಾರೆ. ಅದರಲ್ಲಿ ಸುಳ್ಳು ಬರೆದರೆ ಅದೇ ಒಂದು ದೊಡ್ಡ ಅಪರಾಧ. ಗಾಂಜಾದ ಪ್ರಶ್ನೆ ಅದರಲ್ಲಿ ಪ್ರತ್ಯೇಕವಾಗಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಅಂಗಡಿಯಲ್ಲೇ ಸಿಗುತ್ತೆ ನಿಜ, ಆದರೆ ಫಾರಂ ಕೇಂದ್ರ ಸರ್ಕಾರದ್ದು.

ಈಗ ಆ 'ಯಾಕೆ'. ಕೋವಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು. ಇಲ್ಲೇ ಹುಟ್ಟಿದ ಪಕ್ಕದ ಮನೆಯವನು ತಪ್ಪಾದ ಸ್ಕ್ರೂ ಒಂದು ಹಾಕಿಸಿಕೊಂಡರೆ ಅವನಿಗೆ ಕೋರ್ಟು, ದಂಡ, ಬಹುಶಃ ಜೈಲು. ನಮಗೆ ಅದರ ಮೇಲೆ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲ ಹೋಗುತ್ತದೆ.

ಇನ್ನೊಂದು ವಿಷಯ ನಮ್ಮ ಮನೆಗಳಿಗೇ ಸೇರಿದ್ದು. ಊರಿಂದ ಅಪ್ಪ-ಅಮ್ಮ ಆರು ತಿಂಗಳಿಗೆ ಬರುತ್ತಾರಲ್ಲ, ಅವರದು ಬಿ-2 ವೀಸಾ. ಅದೂ ನಾನ್-ಇಮಿಗ್ರೆಂಟ್ ವೀಸಾನೇ. ಲಾಕರಿನ ನಂಬರ್ ಅವರಿಗೆ ಗೊತ್ತಿರಬಾರದು. ಬೇಸಿಗೆಗೆ ಬಂದ ಭಾವನನ್ನು ಖುಷಿಗೆ ಅಂತ ರೇಂಜಿಗೆ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಕರೆದುಕೊಂಡು ಹೋಗಿ ಕೈಗೆ ಕೋವಿ ಕೊಡುವುದೂ ಬೇಡ. ಇದನ್ನು ಎಷ್ಟೋ ಜನ ತಿಳಿಯದೆ ಮಾಡುತ್ತಾರೆ.

ಕಾನೂನು ಏನು ಕೇಳುತ್ತೆ?

ಸೆಮಿ-ಆಟೋ ಅಂದರೆ ಒಂದು ಸಲ ಟ್ರಿಗರ್ ಎಳೆದರೆ ಒಂದೇ ಈಡು. ಆದರೆ ಮುಂದಿನ ತೋಟೆ ತಾನೇ ಬಂದು ಕೂರುತ್ತೆ, ಬೋಲ್ಟ್ (ತೋಟೆಯನ್ನು ನಳಿಗೆಗೆ ತಳ್ಳುವ ತುಂಡು) ಕೈಯಲ್ಲಿ ಎಳೆಯಬೇಕಿಲ್ಲ. ಒತ್ತಿ ಹಿಡಿದರೆ ಸುರಿಮಳೆ ಬರುವ ಮಿಲಿಟರಿ ಕೋವಿ ಇದಲ್ಲ.

1989ರ ಜನವರಿಯಲ್ಲಿ ಸ್ಟಾಕ್ಟನ್ ಊರಿನ ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡು ಹಾರಿತು. ಅದೇ ವರ್ಷ ಕ್ಯಾಲಿಫೋರ್ನಿಯಾ 'ಅಸಾಲ್ಟ್ ವೆಪನ್' ಕಾನೂನು ತಂದಿತು. ಆಗ ಹೆಸರು ಹಿಡಿದು ನಿಷೇಧ ಮಾಡಿದ್ದರು. ಕಂಪನಿಗಳು ಹೆಸರು ಬದಲಾಯಿಸಿ ಮಾರಿದವು. ಅದಕ್ಕೆ 2000ದಿಂದ ಲಕ್ಷಣ ನೋಡಿ ನಿಷೇಧಿಸುವ ನಿಯಮ ಬಂತು. ಮ್ಯಾಗಜೀನು, ಅಂದರೆ ತೋಟೆ ತುಂಬುವ ಡಬ್ಬಿ, ಬಿಚ್ಚಲು ಒಂದು ಉಪಕರಣ ಬೇಕಾಗುವ ಹಾಗೆ ಮಾಡಿ ಅದನ್ನೂ ದಾಟಿದರು. 2017ರಿಂದ ಆ ಸಂದೂ ಮುಚ್ಚಿತು.

ಇವತ್ತಿನ ಲೆಕ್ಕ ಹೀಗಿದೆ. ಸೆಂಟರ್‌ಫೈರ್ ತೋಟೆಯ (ಬುಡದ ಮಧ್ಯಕ್ಕೆ ಏಟು ಬಿದ್ದರೆ ಹಾರುವಂಥದ್ದು) ಸೆಮಿ-ಆಟೋ ರೈಫಲಿನಲ್ಲಿ ಮ್ಯಾಗಜೀನು ಸುಮ್ನೆ ಗುಂಡಿ ಒತ್ತಿ ತೆಗೆಯುವಂತಿದ್ದರೆ, ಈ ಪಟ್ಟಿಯಲ್ಲಿ ಒಂದೂ ಇರಬಾರದು: ಕೆಳಗೆ ಎದ್ದು ಕಾಣುವ ಪಿಸ್ತೂಲ್ ಹಿಡಿ, ಹೆಬ್ಬೆರಳು ತೂರಿಸುವ ತೂತಿನ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ), ಮಡಚುವ ಅಥವಾ ಉದ್ದ-ಗಿಡ್ಡ ಮಾಡುವ ಸ್ಟಾಕ್, ಮುಂದಿನ ಹಿಡಿ, ಬೆಂಕಿಯ ಮಿಂಚು ತಗ್ಗಿಸಲು ನಳಿಗೆ ಬಾಯಿಗೆ ಹಾಕುವ ಫ್ಲ್ಯಾಶ್ ಸಪ್ರೆಸರ್, ಗ್ರೆನೇಡ್ ಅಥವಾ ಫ್ಲೇರ್ ಲಾಂಚರ್. ಒಂದೇ ಒಂದಿದ್ದರೂ ಅದು ಅಸಾಲ್ಟ್ ವೆಪನ್. ಮ್ಯಾಗಜೀನು ಖಾಯಂ ಆಗಿ ಕೂತಿದ್ದರೆ, ಅಂದರೆ ಕೋವಿಯ ಆ್ಯಕ್ಷನ್ (ತೋಟೆ ತುಂಬಿ ಹಾರಿಸುವ ಒಳಭಾಗ) ಬಿಚ್ಚದೆ ಅದು ಹೊರಗೆ ಬರದಿದ್ದರೆ, ಈ ಲಕ್ಷಣಗಳು ಇರಬಹುದು. ಆದರೆ 10 ತೋಟೆಗಿಂತ ಜಾಸ್ತಿ ಹಿಡಿಯಬಾರದು. ಎರಡರಲ್ಲೂ ಒಟ್ಟು ಉದ್ದ 30 ಇಂಚಿಗಿಂತ ಕಡಿಮೆ ಇರಬಾರದು. ಜೊತೆಗೆ ಹೆಸರು ಹಿಡಿದು ನಿಷೇಧಿಸಿದ ಹಳೆಯ ಪಟ್ಟಿ ಈಗಲೂ ಇದೆ.

ಇದರ ಮೇಲೆ ಕೋರ್ಟಿನಲ್ಲಿ ಕೇಸುಗಳು ನಡೆಯುತ್ತಲೇ ಇವೆ. 2023ರಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು ಈ ನಿಷೇಧ ತಪ್ಪು ಅಂದರು. ಮೇಲಿನ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. 10 ತೋಟೆಯ ಮಿತಿಯನ್ನು 2025ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಎತ್ತಿಹಿಡಿಯಿತು. "ಕೋರ್ಟಲ್ಲಿ ಬಿದ್ದೋಯ್ತಂತೆ" ಎಂದು ಯಾರಾದರೂ ಹೇಳಿದರೆ ನಂಬಿ ಕೊಳ್ಳಬೇಡಿ. ಕೊಳ್ಳುವ ವಾರ ರಾಜ್ಯದ ನ್ಯಾಯ ಇಲಾಖೆ ಏನು ಹೇಳುತ್ತಿದೆ ಅಂತ ನೋಡಿ, ಅಷ್ಟೇ.

ತೂಗಿ ನೋಡುವುದು ಹೇಗೆ?

ನಾನು ಐದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಅಂಗಡಿಯಿಂದ ಬಂದ ಹಾಗೇ ಅದು ಕಾನೂನಿಗೆ ಸರಿಯಾ, ಇಲ್ಲ ನಾನು ಏನಾದರೂ ನೆನಪಿಟ್ಟುಕೊಳ್ಳಬೇಕಾ? ಯಾತಕ್ಕೆ ಬೇಕು, ಬರೀ ರೇಂಜಿಗಾ, ಬೇಟೆಗಾ, ಮನೆ ಕಾವಲಿಗಾ? ತೋಟೆಯ ಖರ್ಚು ತಿಂಗಳಿಗೆ ಎಷ್ಟು ತಡೆದುಕೊಳ್ಳಬಲ್ಲೆ? ಮನೆಯಲ್ಲಿ ಹೆಂಡತಿಯೋ ಗಂಡನೋ ಅದನ್ನು ಹೊತ್ತು ಹೊಡೆಯಬಲ್ಲರಾ? ಸಿಕ್ಕಿಕೊಂಡಾಗ ಬಿಡಿಸುವುದು ಸುಲಭವಾ?

ಮೊದಲ ಪ್ರಶ್ನೆಗೆ ಉಳಿದ ನಾಲ್ಕಕ್ಕಿಂತ ಜಾಸ್ತಿ ತೂಕ ಕೊಡುತ್ತೇನೆ.

.22ರಿಂದ ಶುರು ಮಾಡುವವರಿಗೆ: ರೂಗರ್ 10/22

1964ರಿಂದ ಬರುತ್ತಿರುವ ಕೋವಿ. ಸುಮಾರು 5 ಪೌಂಡ್ ತೂಕ, 300ರಿಂದ 400 ಡಾಲರ್ ಒಳಗೆ ಸಿಗುತ್ತದೆ. 10 ತೋಟೆಯ ಉರುಟು ಮ್ಯಾಗಜೀನು ಹೊಟ್ಟೆಯೊಳಗೆ ಅಡಗಿ ಕೂರುತ್ತೆ, ಹೊರಗೆ ಏನೂ ನೇತಾಡುವುದಿಲ್ಲ. ಇದರ ದೊಡ್ಡ ಲಾಭ ಏನೆಂದರೆ .22 ರಿಮ್‌ಫೈರ್ ತೋಟೆ, ಅಂದರೆ ಬುಡದ ಅಂಚಿಗೆ ಏಟು ಬಿದ್ದರೆ ಹಾರುವ ಚಿಕ್ಕ ತೋಟೆ. ಮೇಲೆ ಹೇಳಿದ ಲಕ್ಷಣಗಳ ಪಟ್ಟಿ ಸೆಂಟರ್‌ಫೈರ್ ರೈಫಲ್‌ಗಳಿಗೆ ಮಾತ್ರ. ಹಾಗಾಗಿ ಇದರಲ್ಲಿ ತಪ್ಪು ಮಾಡಲು ಉಳಿದಿರುವುದು ಹೆಚ್ಚುಕಡಿಮೆ ಒಂದೇ ದಾರಿ: 25 ತೋಟೆಯ ಮ್ಯಾಗಜೀನು. ನೆವಾಡಾದಲ್ಲಿ ಅದು ಅಂಗಡಿಯಲ್ಲೇ ನೇತಾಡುತ್ತಿರುತ್ತದೆ. ರೀನೋಗೆ ಹೋದಾಗ ತರಬೇಡಿ.

ತೋಟೆ ಒಂದಕ್ಕೆ ಎಂಟು-ಹತ್ತು ಸೆಂಟ್. ಒಂದು ಬೆಳಿಗ್ಗೆ 200 ಈಡು ಹೊಡೆದರೂ 20 ಡಾಲರ್ ದಾಟುವುದಿಲ್ಲ. ಭುಜಕ್ಕೆ ಏಟು ಬೀಳುವುದಿಲ್ಲ, ಸದ್ದು ಕಡಿಮೆ, ಹೊಸಬರು ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಗುರಿ ಕಲಿಯುವುದು ಇದರಲ್ಲೇ. ಮಿಲಿಟರಿ ಕೋವಿಯ ನೋಟದ ಎಆರ್-15 (ಅದರ ಬಗ್ಗೆ ಕೆಳಗೆ ಹೇಳಿದ್ದೇನೆ) ಥರ ಕಾಣಬೇಕು ಅನ್ನುವವರಿಗೆ ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿಯ 15-22 ಇದೆ, ಅದೂ .22. ಅದರಲ್ಲೂ 10 ತೋಟೆಯ ಮ್ಯಾಗಜೀನು ಮಾತ್ರ.

ಕೊರತೆ? ಜಿಂಕೆ, ಹಂದಿಗೆ ಇದು ಆಗುವುದಿಲ್ಲ. ಮನೆ ಕಾವಲಿಗೂ ನಾನು ಇದನ್ನು ನಂಬುವುದಿಲ್ಲ, ರಿಮ್‌ಫೈರ್ ತೋಟೆ ಆಗಾಗ ಠುಸ್ ಅನ್ನುತ್ತದೆ. ಆದರೆ ಮೊದಲ ಕೋವಿ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇದೇ.

ಮಿನಿ-14: ನಾನು ಜಾಸ್ತಿ ಹೊತ್ತು ಮಾತಾಡುವುದು ಇದರ ಬಗ್ಗೆ

ಇದೂ ರೂಗರ್ ಕಂಪನಿಯದೇ, 1973ರಿಂದ ಇದೆ. ಅಮೆರಿಕದ ಸೈನ್ಯದ ಎಂ-14 ಕೋವಿಯನ್ನು ಚಿಕ್ಕದು ಮಾಡಿದ ಹಾಗಿದೆ. ತೋಟೆ .223 ಅಥವಾ 5.56, ಅಂದರೆ ಎಆರ್-15ರದ್ದೇ. ನಾನು ಹೇಳುವುದು ಮರದ ಸ್ಟಾಕಿನ ರಾಂಚ್ ಮಾದರಿ. ನೋಡಿದರೆ ನಮ್ಮೂರಿನ ಕೋವಿಯ ಚಿಕ್ಕ ತಮ್ಮನಂತಿದೆ. ಪಿಸ್ತೂಲ್ ಹಿಡಿ ಇಲ್ಲ, ಸ್ಟಾಕ್ ಉದ್ದ-ಗಿಡ್ಡ ಆಗುವುದಿಲ್ಲ, ನಳಿಗೆ ಬಾಯಲ್ಲಿ ಏನೂ ಇಲ್ಲ. ಡಬ್ಬಿಯಿಂದ ತೆಗೆದ ಹಾಗೇ ಕಾನೂನಿಗೆ ಸರಿ. 5 ತೋಟೆಯ ಮ್ಯಾಗಜೀನು ಜೊತೆಗೆ ಬರುತ್ತದೆ, 10ರದ್ದು ಬೇರೆ ಕೊಳ್ಳಬಹುದು. ಟ್ಯಾಕ್ಟಿಕಲ್ ಅಂತ ಇನ್ನೊಂದು ಮಾದರಿ ಇದೆ. ಅದರ ಬಾಯಲ್ಲಿ ಫ್ಲ್ಯಾಶ್ ಸಪ್ರೆಸರ್ ಇರುತ್ತೆ, ಅದು ಇಲ್ಲಿ ಬೇಡ.

ಬೆಲೆ ಸಾವಿರ ಡಾಲರ್ ದಾಟುತ್ತದೆ. ಅದೇ ದುಡ್ಡಿಗೆ ಎಆರ್ ಇದಕ್ಕಿಂತ ಚೆನ್ನಾಗಿ ಗುರಿ ಹಿಡಿಯುತ್ತೆ, ಅದು ಸತ್ಯ. ಹಳೆಯ ಮಿನಿಗಳಿಗೆ ನಳಿಗೆ ಬಿಸಿಯಾದ ಮೇಲೆ ಗುರಿ ಚದುರುತ್ತೆ ಅನ್ನುವ ಕೆಟ್ಟ ಹೆಸರಿತ್ತು. 2000ದ ದಶಕದ ಕೊನೆಯ ಹೊತ್ತಿಗೆ ಕಂಪನಿ ಅದನ್ನು ಸುಧಾರಿಸಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ತುಂಬಾ ಹಳೆಯದನ್ನು ಬಿಟ್ಟುಬಿಡಿ. ನನ್ನದರಲ್ಲಿ 100 ಗಜಕ್ಕೆ ಐದು ಈಡು ಅಂಗೈಯಗಲದ ಒಳಗೇ ಬೀಳುತ್ತವೆ. ನನಗೆ ಅಷ್ಟು ಸಾಕು.

ಬಿಡಿಭಾಗ ಕಡಿಮೆ, ಮ್ಯಾಗಜೀನು ದುಬಾರಿ. ಖಾಲಿ ತೋಟೆಯನ್ನು ಎಷ್ಟು ದೂರ ಎಸೆಯುತ್ತೆ ಅಂದರೆ, ಮೊದಲ ದಿನ ನನ್ನ ಬಲಗಡೆ ಎರಡನೇ ಬೆಂಚಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರ ಟೋಪಿಯ ಅಂಚಿಗೆ ಟಣ್ ಅಂತ ಹೊಡೆಯಿತು. ಕ್ಷಮೆ ಕೇಳಿ ಬಲತುದಿಯ ಬೆಂಚಿಗೆ ಹೋದೆ. ಅವತ್ತಿನಿಂದ ಅದೇ ನನ್ನ ಜಾಗ.

ಇಷ್ಟೆಲ್ಲ ಇದ್ದರೂ ನಾನು ಇದನ್ನೇ ಹೇಳುವುದು ಯಾಕೆಂದರೆ ಇದನ್ನು ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟು ಹೊರಟಾಗ ನನ್ನ ತಲೆಯಲ್ಲಿ ಏನೂ ಓಡುವುದಿಲ್ಲ. ಪೊಲೀಸರು ಪೆಟ್ಟಿಗೆ ತೆರೆಸಿ ನೋಡಿದರೂ ವಿವರಿಸಬೇಕಾದ್ದು ಏನೂ ಇಲ್ಲ. ಆ ನೆಮ್ಮದಿಗೆ ನಾನು ಜಾಸ್ತಿ ದುಡ್ಡು ಕೊಡಲು ತಯಾರಿದ್ದೇನೆ.

ಎಆರ್-15: ಎರಡು ದಾರಿ, ಎರಡಕ್ಕೂ ಬೆಲೆ ಇದೆ

ಬಹಳ ಜನರ ಮನಸ್ಸಿನಲ್ಲಿ ಇರುವುದು ಇದೇ, ಅಲ್ವಾ? ಹಗುರ, ಗುರಿ ಚೆನ್ನಾಗಿದೆ, ಬಿಡಿಭಾಗ ಹೇರಳ. 700 ಡಾಲರ್‌ನಿಂದ ಶುರು. ಎಆರ್ ಅಂದರೆ ಅಸಾಲ್ಟ್ ರೈಫಲ್ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಮೊದಲು ಮಾಡಿದ ಆರ್ಮಲೈಟ್ ಕಂಪನಿಯ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಕೋಲ್ಟ್ ಎಆರ್-15 ಹೆಸರು ಹಿಡಿದು ನಿಷೇಧವಾಗಿದೆ. ಪಟ್ಟಿಯಲ್ಲಿ ಇಲ್ಲದ ಕಂಪನಿಗಳವು ನಿಯಮಕ್ಕೆ ಹೊಂದಿಸಿ ಮಾರಾಟ ಆಗುತ್ತವೆ.

ಮೊದಲ ದಾರಿಗೆ ಇಲ್ಲಿ 'ಫೀಚರ್‌ಲೆಸ್' ಅನ್ನುತ್ತಾರೆ. ಲಕ್ಷಣಗಳೆಲ್ಲ ತೆಗೆದದ್ದು. ಪಿಸ್ತೂಲ್ ಹಿಡಿಯ ಜಾಗದಲ್ಲಿ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ಹಲಗೆ ಇರುವ ಹಿಡಿ, ಹೆಬ್ಬೆರಳು ಸುತ್ತಿ ಹಿಡಿಯಲು ಆಗದ ಹಾಗೆ. ಸ್ಟಾಕ್ ಒಂದೇ ಉದ್ದ. ಬಾಯಲ್ಲಿ ಫ್ಲ್ಯಾಶ್ ಸಪ್ರೆಸರ್ ಬದಲು ಒದೆತ ತಗ್ಗಿಸುವ ಮಜಲ್ ಬ್ರೇಕ್. ಮ್ಯಾಗಜೀನು ಮಾಮೂಲಿ ಹಾಗೆ ಗುಂಡಿ ಒತ್ತಿದರೆ ಬರುತ್ತದೆ. ನಾನು ಮೊದಲು ಕೊಂಡಿದ್ದು ಇದನ್ನೇ. ಒಂದು ಗಂಟೆ ಹೊಡೆದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಕೆಂಪಾಗುತ್ತಿತ್ತು. ಮಜಲ್ ಬ್ರೇಕಿನ ಸದ್ದು ಒಳಾಂಗಣ ರೇಂಜಿನಲ್ಲಿ ಪಕ್ಕದವರ ಎದೆಗೆ ಗುದ್ದಿದ ಹಾಗಿರುತ್ತೆ.

ಅದೆಲ್ಲ ಅಭ್ಯಾಸ ಆಗುತ್ತೆ. ಆಗದೇ ಇದ್ದದ್ದು ಬೇರೆ. ಈ ಕೋವಿಯ ಮೇಲಿನ ಪ್ರತಿ ತುಂಡೂ ಎರಡು ಸ್ಕ್ರೂ ಬಿಚ್ಚಿದರೆ ಬದಲಾಗುತ್ತದೆ. ಹುಟ್ಟುಹಬ್ಬಕ್ಕೆ ಅಂತ ಟೆಕ್ಸಾಸ್‌ನಲ್ಲಿರುವ ಗೆಳೆಯ ಒಂದು ಮುಂದಿನ ಹಿಡಿ ಕಳಿಸಿದ್ದ. ಪ್ರೀತಿಯಿಂದ ಕಳಿಸಿದ್ದು. ಶನಿವಾರ ಊಟದ ಮೇಜಿನ ಮೇಲೆ ಕೋವಿ ಇಟ್ಟು, ಹಿಡಿಯನ್ನು ನಳಿಗೆಯ ಕೆಳಗಿನ ಹಳಿಗೆ (ಬಿಡಿಭಾಗ ಕೂರಿಸುವ ಪಟ್ಟಿ) ಜೋಡಿಸಿ, ಅಲೆನ್ ಕೀ ಹಾಕಿ ಅರ್ಧ ಸುತ್ತು ತಿರುಗಿಸಿದ್ದೆ. ಆಗ ಹೊಳೆಯಿತು. ಇನ್ನೆರಡು ಸುತ್ತು ತಿರುಗಿಸಿದ್ದರೆ ನಮ್ಮ ಮನೆಯ ಮೇಜಿನ ಮೇಲೆ ಒಂದು ಅಸಾಲ್ಟ್ ವೆಪನ್ ಇರುತ್ತಿತ್ತು, ಅದನ್ನು ಮಾಡಿದವನು ನಾನಾಗಿರುತ್ತಿದ್ದೆ. ಕೈ ನಡುಗಿತು. ಹಿಡಿಯನ್ನು ಬಿಚ್ಚಿ ಅವತ್ತೇ ವಾಪಸ್ ಕಳಿಸಿದೆ. ಆರು ತಿಂಗಳ ಮೇಲೆ ಆ ಕೋವಿಯನ್ನೂ ಅಂಗಡಿಯ ಮೂಲಕ ಮಾರಿದೆ. ಇಲ್ಲಿ ಸ್ನೇಹಿತರಿಗೆ ಮಾರಿದರೂ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಹೋಗಬೇಕು.

ಎರಡನೇ ದಾರಿ ಖಾಯಂ ಮ್ಯಾಗಜೀನು. ಪಿಸ್ತೂಲ್ ಹಿಡಿ, ಉದ್ದ-ಗಿಡ್ಡ ಆಗುವ ಸ್ಟಾಕ್ ಎಲ್ಲ ಇರಬಹುದು, ನೋಟ ಬೇರೆ ರಾಜ್ಯದ ಎಆರ್ ಥರವೇ. ಆದರೆ ಹಿಂದಿನ ಪಿನ್ ಎಳೆದು ಕೋವಿಯನ್ನು ಮಧ್ಯದಲ್ಲಿ ತೆರೆದರೆ ಮಾತ್ರ ಮ್ಯಾಗಜೀನು ಬರುತ್ತೆ. ಗಂಡ-ಹೆಂಡತಿ ಇಬ್ಬರೂ ಹೊಡೆಯುವ ಮನೆಯಲ್ಲಿ ಸ್ಟಾಕ್ ಹೊಂದಿಸಿಕೊಳ್ಳುವುದು ನಿಜವಾದ ಅನುಕೂಲ, ಅದನ್ನು ಇಲ್ಲ ಅನ್ನುವುದಿಲ್ಲ. ತೊಂದರೆ ಬರುವುದು ಕೋವಿ ಸಿಕ್ಕಿಕೊಂಡಾಗ. ಒಂದು ಸಲ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗನ ಖಾಲಿ ತೋಟೆ ಅಡ್ಡಡ್ಡ ಸಿಕ್ಕಿಕೊಂಡಿತು. ಬೋಲ್ಟ್ ಅರ್ಧದಲ್ಲಿ ನಿಂತಿತ್ತು, ಕೆಳಗೆ ಮ್ಯಾಗಜೀನಿನಲ್ಲಿ ಇನ್ನೂ ಜೀವಂತ ತೋಟೆಗಳು. ಬೋಲ್ಟ್ ಹಿಂದೆ ಸಿಕ್ಕಿಕೊಂಡಿದ್ದರಿಂದ ಕೋವಿ ತೆರೆಯುತ್ತಿಲ್ಲ. ತೆರೆಯದೆ ಮ್ಯಾಗಜೀನು ಬರುವುದಿಲ್ಲ. ರೇಂಜ್ ಆಫೀಸರ್ ಬಂದು, ಎಲ್ಲರನ್ನೂ ಹಿಂದೆ ಸರಿಸಿ, ಹತ್ತು-ಹದಿನೈದು ನಿಮಿಷ ತಾಳ್ಮೆಯಿಂದ ಬಿಡಿಸಿದರು. ರೇಂಜಿನಲ್ಲಿ ಅದು ಬರೀ ತಡ. ಮನೆ ಕಾವಲಿಗೆ ಇಟ್ಟುಕೊಂಡವರು ಆ ಹದಿನೈದು ನಿಮಿಷವನ್ನು ಯೋಚಿಸಬೇಕು.

ಎಆರ್ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ ಹೀಗೆ. ಕ್ಯಾಲಿಫೋರ್ನಿಯಾಗೆ ಅಂತಲೇ ಕಾರ್ಖಾನೆಯಲ್ಲಿ ಹೊಂದಿಸಿದ್ದನ್ನು ಪೂರ್ತಿ ಕೋವಿಯಾಗಿ ಕೊಳ್ಳಿ, ಫೀಚರ್‌ಲೆಸ್ ತಗೊಳ್ಳಿ, ಆಮೇಲೆ ಅದಕ್ಕೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ತುಂಡು ತುಂಡು ಕೊಂಡು ಜೋಡಿಸುವ ಹವ್ಯಾಸ ಈ ರಾಜ್ಯದಲ್ಲಿ, ಅದರಲ್ಲೂ ನಮಗೆ, ಬೇಡವೇ ಬೇಡ.

9 ಎಂಎಂ ಕಾರ್ಬೈನ್

ಪಿಸ್ತೂಲಿನ ತೋಟೆ ಹಾಕುವ ರೈಫಲ್. ರೂಗರ್ ಪಿಸಿ ಕಾರ್ಬೈನ್ ಮಾಮೂಲಿ ಸ್ಟಾಕಿನಲ್ಲಿ ಬರುತ್ತೆ, ಬೆಲೆ 600ರಿಂದ 800 ಡಾಲರ್, ತೂಕ ಏಳು ಪೌಂಡಿನ ಹತ್ತಿರ. ತೋಟೆ ಒಂದಕ್ಕೆ 25-30 ಸೆಂಟ್, .223ರ ಸುಮಾರು ಅರ್ಧ. ಒಳಾಂಗಣ ರೇಂಜುಗಳಲ್ಲಿ ರೈಫಲ್ ತೋಟೆಗೆ ನಿರ್ಬಂಧ ಜಾಸ್ತಿ. ಕೆಲವು ಕಡೆ ಉಕ್ಕಿನ ತಿರುಳಿದೆಯಾ ಅಂತ ಮ್ಯಾಗ್ನೆಟ್ ಹಿಡಿದು ಪ್ರತಿ ಡಬ್ಬಿ ನೋಡುತ್ತಾರೆ. 9 ಎಂಎಂಗೆ ಆ ರಗಳೆ ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಇದ್ದು, ವಾರಕ್ಕೊಮ್ಮೆ ಊರೊಳಗಿನ ರೇಂಜಿಗೆ ಹೋಗುವವರಿಗೆ ಇದು ಹೊಂದುತ್ತದೆ. ಸದ್ದು ಮತ್ತು ಒದೆತ ಎರಡೂ ಕಡಿಮೆ, ಹಾಗಾಗಿ ಮನೆ ಕಾವಲಿಗೂ ಇದನ್ನು ಬಹಳ ಜನ ಇಷ್ಟಪಡುತ್ತಾರೆ. ಆದರೆ ನೆನಪಿಡಿ, ಇಲ್ಲಿನ ಮನೆಯ ಗೋಡೆ ಅಂದರೆ ಮರದ ಚೌಕಟ್ಟು ಮತ್ತು ಜಿಪ್ಸಂ ಹಲಗೆ. ಯಾವ ಗುಂಡಾದರೂ ದಾಟುತ್ತೆ. ಪಕ್ಕದ ಕೋಣೆಯಲ್ಲಿ ಯಾರು ಮಲಗಿದ್ದಾರೆ ಅನ್ನುವುದು ಕೋವಿ ಯಾವುದು ಅನ್ನುವುದಕ್ಕಿಂತ ಮೊದಲಿನ ಪ್ರಶ್ನೆ.

ಮ್ಯಾಗಜೀನು ಬಿಚ್ಚುವಂಥದ್ದು, ಸೆಂಟರ್‌ಫೈರ್, ಹಾಗಾಗಿ ಲಕ್ಷಣದ ಪಟ್ಟಿ ಇದಕ್ಕೂ ಅನ್ವಯಿಸುತ್ತೆ. ಪಿಸ್ತೂಲ್ ಹಿಡಿಯ ಮಾದರಿಯೂ ಇದರಲ್ಲಿ ಇದೆ. ಅದನ್ನು ಮುಟ್ಟಬೇಡಿ.

ದೊಡ್ಡ ತೋಟೆಯವು, ಬೇಟೆಯವು

ಸ್ಪ್ರಿಂಗ್‌ಫೀಲ್ಡ್ ಎಂ1ಎ ಕೋವಿಗೆ .308 ತೋಟೆ, ಎರಡು ಸಾವಿರ ಡಾಲರಿನ ಆಸುಪಾಸು, ಒಂಬತ್ತು ಪೌಂಡಿನಷ್ಟು ತೂಕ. ಇಲ್ಲಿ ಮಜಲ್ ಬ್ರೇಕ್ ಹಾಕಿದ ಕ್ಯಾಲಿಫೋರ್ನಿಯಾ ಮಾದರಿ ಮಾತ್ರ. ತೋಟೆ ಒಂದಕ್ಕೆ ಡಾಲರಿನ ಹತ್ತಿರ. ಚೆಂದದ ಕೋವಿ, ಆದರೆ ಮೊದಲನೆಯದಾಗಿ ಬೇಡ. ಎರಡನೇ ಮಹಾಯುದ್ಧದ ಎಂ1 ಗಾರಂಡ್ ಇಷ್ಟಪಡುವವರೂ ಇದ್ದಾರೆ. 8 ತೋಟೆಯ ಕ್ಲಿಪ್ಪನ್ನು ಮೇಲಿಂದ ಒತ್ತಿ ತುಂಬಬೇಕು, ಕೊನೆಯ ಈಡಾದ ಮೇಲೆ ಖಾಲಿ ಕ್ಲಿಪ್ಪು ಟಿಂಗ್ ಅಂತ ಹಾರುತ್ತೆ. ಪಿಸ್ತೂಲ್ ಹಿಡಿ ಇಲ್ಲ, ಬಿಚ್ಚುವ ಮ್ಯಾಗಜೀನೂ ಇಲ್ಲ, ಹಾಗಾಗಿ ಕಾನೂನಿನ ತಲೆನೋವಿಲ್ಲ. ಇತಿಹಾಸದ ಆಸೆ ಇದ್ದವರಿಗೆ ಸರಿ.

ಬೇಟೆಗೆ ಅಂದರೆ ಬ್ರೌನಿಂಗ್ ಬಿಎಆರ್‌ನ ಬೇಟೆ ಮಾದರಿಗಳಂಥವು ಮರದ ಸ್ಟಾಕಿನಲ್ಲಿ ಸಿಗುತ್ತವೆ. ಆದರೆ ನಿಜ ಹೇಳಬೇಕೆಂದರೆ ಕಾಡುಹಂದಿಗೆ, ಜಿಂಕೆಗೆ ಸೆಮಿ-ಆಟೋ ಬೇಕೇ ಇಲ್ಲ. ರೂಗರ್ ಅಮೆರಿಕನ್ ಥರದ, ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ ರೈಫಲ್ 500-600 ಡಾಲರಿಗೆ ಸಿಗುತ್ತೆ, ಗುರಿ ಮಿನಿ-14ಕ್ಕಿಂತ ಚೆನ್ನಾಗಿರುತ್ತೆ, ಲಕ್ಷಣದ ಪಟ್ಟಿ ಅದಕ್ಕೆ ಅನ್ವಯಿಸುವುದೂ ಇಲ್ಲ. ನಮ್ಮಜ್ಜ ಎರಡೇ ತೋಟೆಯ ಕೋವಿ ಹಿಡಿದು ತೋಟ ಕಾಯುತ್ತಿದ್ದರು. ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸವಿಲ್ಲದ ತೋಟೆಯೇ ಆಗಬೇಕು. ಅದು ದುಬಾರಿ, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ದುಡ್ಡಿನ ಲೆಕ್ಕ

ಚೀಟಿಯ ಮೇಲಿನ ಬೆಲೆ ನೋಡಿ ಮೋಸ ಹೋಗಬೇಡಿ. ಸಾವಿರ ಡಾಲರಿನ ಕೋವಿಗೆ 2024ರ ಜುಲೈನಿಂದ ರಾಜ್ಯದ 11 ಶೇಕಡಾ ಹೆಚ್ಚುವರಿ ತೆರಿಗೆ. ಅಂಗಡಿಯವರ ಮೇಲೆ ಹಾಕಿದ್ದು, ಅವರು ನಮ್ಮ ಬಿಲ್ಲಿಗೆ ಸೇರಿಸುತ್ತಾರೆ. ಅದರ ಮೇಲೆ ಒಂಬತ್ತು ಶೇಕಡಾ ದಾಟುವ ಸೇಲ್ಸ್ ಟ್ಯಾಕ್ಸ್. ಹಿನ್ನೆಲೆ ತಪಾಸಣೆಗೆ 37 ಡಾಲರ್ 19 ಸೆಂಟ್. ಎಲ್ಲ ಸೇರಿ ಹತ್ತಿರ ಹತ್ತಿರ 1,250. ಅದಕ್ಕೂ ಮುಂಚೆ ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್ ಪರೀಕ್ಷೆ, 25 ಡಾಲರ್. 30 ಪ್ರಶ್ನೆಗಳಲ್ಲಿ 23 ಸರಿ ಇರಬೇಕು, ಐದು ವರ್ಷ ನಡೆಯುತ್ತೆ. ತೋಟೆಗೂ ಅದೇ 11 ಶೇಕಡಾ. ಕಿವಿಗೆ, ಕಣ್ಣಿಗೆ ರಕ್ಷಣೆ ಬೇಕು. ಲಾಕರ್ ಬೇಕೇ ಬೇಕು. ಮನೆಯಲ್ಲಿ ಕೋವಿ ನಿಮ್ಮ ಕೈಯಲ್ಲಿ ಇಲ್ಲದಾಗ ಬೀಗದೊಳಗೇ ಇರಬೇಕು ಎಂಬ ನಿಯಮ 2026ರ ಜನವರಿಯಿಂದ ಇನ್ನೂ ಬಿಗಿಯಾಗಿದೆ. ಮಕ್ಕಳಿರುವ ಮನೆಗೆ ಅದನ್ನು ಸರ್ಕಾರ ಹೇಳಬೇಕಾಗೇ ಇಲ್ಲ.

ಹಾಗಾಗಿ ಒಟ್ಟು 700 ಡಾಲರ್ ಇಟ್ಟುಕೊಂಡವರು ಬೇರೆ ಯೋಚಿಸದೆ 10/22 ತಗೊಂಡು ಉಳಿದದ್ದನ್ನು ಲಾಕರಿಗೂ ತೋಟೆಗೂ ಹಾಕಿ. 1,200ರವರೆಗೆ ಇದ್ದು ಊರೊಳಗಿನ ರೇಂಜೇ ಗತಿ ಅನ್ನುವವರಿಗೆ ಪಿಸಿ ಕಾರ್ಬೈನ್. 1,700 ಆಚೆ ಹೋಗಬಲ್ಲವರಿಗೆ, ಹೊರಾಂಗಣ ರೇಂಜ್ ಹತ್ತಿರ ಇರುವವರಿಗೆ ಮಿನಿ-14. ಸ್ಪರ್ಧೆಗೆ ಹೋಗುವ ಆಸೆ ಇದ್ದು, ನಿಯಮವನ್ನು ಪ್ರತಿ ಸಲ ಓದುವ ಶಿಸ್ತು ಇದ್ದವರಿಗೆ ಫೀಚರ್‌ಲೆಸ್ ಎಆರ್.

ಬೇರೆ ರಾಜ್ಯದವರಿಗೆ, ರಾಜ್ಯ ಬದಲಾಯಿಸುವವರಿಗೆ

ಎಡಿಸನ್ ಕಡೆಯ ನಮ್ಮವರಿಗೆ ಲೆಕ್ಕ ಬೇರೆ. ನ್ಯೂಜೆರ್ಸಿಯಲ್ಲಿ ಕೊಳ್ಳುವ ಮೊದಲೇ ಗುರುತಿನ ಕಾರ್ಡ್ ಮಾಡಿಸಬೇಕು. ಬಿಚ್ಚುವ ಮ್ಯಾಗಜೀನಿನ ಕೋವಿಗೆ ಅಲ್ಲಿ ನಿಷೇಧ ಬರುವುದು ಪಟ್ಟಿಯ ಎರಡು ಲಕ್ಷಣ ಸೇರಿದಾಗ. ಹಾಗಾಗಿ ಪಿಸ್ತೂಲ್ ಹಿಡಿಯ ಎಆರ್ ಅಲ್ಲಿ ಮಾಮೂಲಿ. ಅದೇ ಎಂ1 ಕಾರ್ಬೈನ್ ಅನ್ನುವ ಹಳೆಯ ಮರದ ಕೋವಿ ಅಲ್ಲಿ ಹೆಸರು ಹಿಡಿದು ನಿಷೇಧ. ನ್ಯೂಯಾರ್ಕಿನಲ್ಲಿ 2022ರ ಸೆಪ್ಟೆಂಬರ್‌ನಿಂದ ಸೆಮಿ-ಆಟೋ ರೈಫಲ್ ಕೊಳ್ಳಲು ಪ್ರತ್ಯೇಕ ಲೈಸೆನ್ಸ್ ಬೇಕು. ಸಿಯಾಟಲ್‌ನವರಿಗೆ 2023ರ ಏಪ್ರಿಲ್‌ನಿಂದ ಎಆರ್ ಮಾರಾಟವೇ ನಿಂತಿದೆ. ಒಂದು ರಾಜ್ಯದ ಬುದ್ಧಿವಾದ ಇನ್ನೊಂದಕ್ಕೆ ನಡೆಯುವುದಿಲ್ಲ.

ಟೆಕ್ಸಾಸ್‌ನಿಂದ ಕೆಲಸ ಬದಲಾಯಿಸಿ ಇಲ್ಲಿಗೆ ಬರುವವರು ದಯವಿಟ್ಟು ಗಮನಿಸಿ. ಅಲ್ಲಿ ಕಪಾಟಿನಲ್ಲಿದ್ದ ಎಆರ್ ಮತ್ತು 30 ತೋಟೆಯ ಮ್ಯಾಗಜೀನುಗಳನ್ನು ಸಾಮಾನಿನ ಜೊತೆ ಲಾರಿಗೆ ಹಾಕಿದರೆ ಕ್ಯಾಲಿಫೋರ್ನಿಯಾ ಗಡಿ ದಾಟಿದ ಕ್ಷಣ ಅದು ಅಪರಾಧ. ಹೊರಡುವ ಮೊದಲೇ ಅಲ್ಲೇ ಮಾರಿ. ಕಾನೂನಿಗೆ ಸರಿಯಿರುವ ಕೋವಿ ತಂದರೂ 60 ದಿನದೊಳಗೆ ರಾಜ್ಯಕ್ಕೆ ತಿಳಿಸಬೇಕು.

ಅಂಗಡಿಗೆ ಹೋಗುವ ದಿನ

ನಮ್ಮ ಹೆಸರುಗಳ ತೊಂದರೆ ಗೊತ್ತಲ್ಲ. ಒಂದು ಕಡೆ ಅಪ್ಪನ ಹೆಸರು ಮೊದಲು, ಇನ್ನೊಂದು ಕಡೆ ಊರಿನ ಹೆಸರು ಕೊನೆಗೆ, ಮತ್ತೊಂದು ಕಡೆ ಬರೀ ಇನಿಷಿಯಲ್. ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್, ಫಾರಂ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ, ವಿಳಾಸವೂ. ತೋಟೆ ಕೊಳ್ಳುವಾಗ ಮಾಡುವ ತಪಾಸಣೆ ಕೋವಿ ಕೊಂಡಾಗಿನ ದಾಖಲೆಯ ಜೊತೆ ತಾಳೆ ನೋಡುತ್ತೆ. ಮನೆ ಬದಲಾಯಿಸಿ ವಿಳಾಸ ತಿದ್ದಿಸದವರು ಅಲ್ಲೇ ಸಿಕ್ಕಿಬೀಳುತ್ತಾರೆ. ನನಗೂ ಹಾಗೇ ಆಗಿ ಎರಡು ವಾರ ಓಡಾಡಿದ್ದೇನೆ.

ದುಡ್ಡು ಕೊಟ್ಟ ಮೇಲೆ 10 ದಿನ ಕಾಯಬೇಕು. ತಪಾಸಣೆ ಶುರುವಾದ 30 ದಿನದೊಳಗೆ ಹೋಗಿ ತರಬೇಕು, ಇಲ್ಲದಿದ್ದರೆ ಮತ್ತೆ ಮೊದಲಿಂದ. ಊರಿಗೆ ಹೋಗುವ ಟಿಕೆಟ್ ಇದ್ದರೆ ಲೆಕ್ಕ ಹಾಕಿ ಹೋಗಿ.

ಇದೆಲ್ಲಕ್ಕೂ ಮುಂಚೆ ಒಂದು ಶನಿವಾರ ಕೋವಿ ಬಾಡಿಗೆಗೆ ಕೊಡುವ ರೇಂಜಿಗೆ ಹೋಗಿ. ಹೆಂಡತಿಯೋ ಗಂಡನೋ ಹೊಡೆಯುವುದಾದರೆ, ವೀಸಾ ಸರಿ ಇದ್ದರೆ, ಅವರನ್ನೂ ಕರೆದುಕೊಂಡು ಹೋಗಿ. 10/22ನಲ್ಲಿ ಎರಡು ಮ್ಯಾಗಜೀನು, 9 ಎಂಎಂ ಕಾರ್ಬೈನಿನಲ್ಲಿ ಒಂದು, ಫೀಚರ್‌ಲೆಸ್ ಎಆರ್‌ನಲ್ಲಿ ಒಂದು ಹೊಡೆದು ನೋಡಿ. ಆ ರೆಕ್ಕೆ ಹಿಡಿ ನಿಮ್ಮ ಕೈಗೆ ಹೊಂದುತ್ತಾ, ಕೆನ್ನೆ ಸ್ಟಾಕಿನ ಮೇಲೆ ಸರಿಯಾಗಿ ಕೂರುತ್ತಾ ಅನ್ನುವುದು ಅಲ್ಲೇ ಗೊತ್ತಾಗುತ್ತೆ. ಮನೆಗೆ ಬಂದು ಎರಡು ದಿನ ಬಿಟ್ಟು ಅಂಗಡಿಗೆ ಫೋನ್ ಮಾಡಿ.